ಆರನೇ ಜಾಗ ಖಾಲಿ ಇದೆ

ಹೋದ ತಿಂಗಳು ಮನೆಯ ಖರ್ಚಿನ ಪಟ್ಟಿ ಹಿಡಿದು ಕೂತಿದ್ದೆ. ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡಬೇಕು ಅಂತ ಲೆಕ್ಕ. ಆ ಲೆಕ್ಕ ಹಾಕೋ ಪರಿಸ್ಥಿತಿ ಯಾಕೆ ಬಂತು ಅಂತ ಆಮೇಲೆ ಹೇಳ್ತೀನಿ. ಪಟ್ಟಿಯಲ್ಲಿ ಹಾಲು, ಕರೆಂಟು, ಇಂಟರ್ನೆಟ್ ಎಲ್ಲ ಆದಮೇಲೆ ಹಾಡು ಕೇಳೋ ಆ್ಯಪ್‌ನ ಬಿಲ್ ಸಿಕ್ಕಿತು. ಫ್ಯಾಮಿಲಿ ಪ್ಲಾನ್. ಒಂದು ಬಿಲ್ಲಿಗೆ ಆರು ಜನ ಕೇಳಬಹುದು.

ನಮ್ಮಲ್ಲಿ ಐದು ಜನ ಕೇಳ್ತೀವಿ. ಬೆಂಗಳೂರಿನಲ್ಲಿ ನಾನು ಮತ್ತು ನನ್ನ ಗಂಡ, ದಾಂಡೇಲಿಯಲ್ಲಿ ಅಪ್ಪ, ಅವ್ವ, ಹುಬ್ಬಳ್ಳಿಯಲ್ಲಿ ತಮ್ಮ. ಆರನೇ ಜಾಗ ಖಾಲಿ. ನೋಡ್ತಾ ನೋಡ್ತಾ ನಗು ಬಂತು. ಫ್ಯಾಮಿಲಿ ಪ್ಲಾನ್ ಅಂದ್ರೆ ಮನೆಯವರೆಲ್ಲ ಒಟ್ಟಿಗೆ ಕೂತು ಹಾಡು ಕೇಳೋದಲ್ಲ. ಮನೆಯವರೆಲ್ಲ ಬೇರೆ ಬೇರೆ ಕೇಳೋದಕ್ಕೆ ಒಬ್ಬರು ದುಡ್ಡು ಕಟ್ಟೋದು!

ಇದು ಬರೀ ತಮಾಷೆಗೆ ಹೇಳಿದ ಮಾತಲ್ಲ. ಕಳೆದ ಡಿಸೆಂಬರ್‌ನಲ್ಲಿ ಆ್ಯಪ್‌ನವರು ಎಲ್ಲರಿಗೂ ವರ್ಷದ ಲೆಕ್ಕ ಕಳಿಸಿದ್ದರು. ನೀವು ಇಷ್ಟು ನಿಮಿಷ ಕೇಳಿದ್ರಿ, ಇವರನ್ನ ಹೆಚ್ಚು ಕೇಳಿದ್ರಿ ಅಂತ ಬಣ್ಣ ಬಣ್ಣದ ಚಿತ್ರ. ಅಪ್ಪ ಅದನ್ನ ಏನೋ ಬಹುಮಾನ ಬಂದಿದೆ ಅಂದ್ಕೊಂಡು ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದರು. ಅಪ್ಪ ಅತಿ ಹೆಚ್ಚು ಕೇಳಿದ್ದು ಮೊಹಮ್ಮದ್ ರಫಿ. ನಾವೆಲ್ಲ ಅಪ್ಪ ಅಂದ್ರೆ ರಾಜ್‌ಕುಮಾರ್ ಅಂತ ತಿಳಿದವರು. ಅವ್ವ ಫೋನ್ ಮಾಡಿ ನನಗೆ ಹೇಳಿದ್ದು ಇಷ್ಟೇ: "34 ವರ್ಷ ಆತು ಲಗ್ನಾಗಿ. ಇವರು ರಫಿ ಕೇಳ್ತಾರಂತ ನನಗ ಆ ಫೋನ್ ಹೇಳಬೇಕಾತು ನೋಡು."

ಅವ್ವ ನಗ್ತಾನೇ ಹೇಳಿದಳು. ಆದ್ರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹಾಲಿನಲ್ಲಿ ಒಬ್ಬರು, ಅಡುಗೆ ಮನೆಯಲ್ಲಿ ಒಬ್ಬರು, ನಡುವೆ ಹತ್ತು ಹೆಜ್ಜೆ ದೂರ ಇಲ್ಲ, ಇಬ್ಬರ ಕಿವಿಯಲ್ಲೂ ವೈರು.

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ. ಕಾಳಿ ನದಿಯ ದಂಡೆ, ಕಾಡು ಅಂತ ಈಗ ಎಲ್ಲರೂ ರಾಫ್ಟಿಂಗಿಗೆ ಬರೋ ಊರು. ನಮಗೆ ಮಾತ್ರ ಅದು ಮೊದಲು ಕಾರ್ಖಾನೆಯ ಊರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಹುಟ್ಟಿದ ಕಂಪನಿ. ಅದರ ಹಿಂದೆ ಎಲ್ಲೆಲ್ಲಿಂದಲೋ ಜನ ಬಂದರು. ನಮ್ಮ ಸಾಲಿನ ಮನೆಗಳಲ್ಲೇ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳ ಎಲ್ಲ ಇತ್ತು. ಗೋಡೆಗಳು ತೆಳು. ಒಂದು ಮನೆಯ ಕುಕ್ಕರ್ ಕೂಗಿದರೆ ಇನ್ನೊಂದು ಮನೆಯಾಕೆ ಗ್ಯಾಸ್ ಆರಿಸೋಕೆ ಓಡ್ತಿದ್ದಳು.

ಅಂಥ ಗೋಡೆಗಳ ನಡುವೆ ಹಾಡು ಯಾರೊಬ್ಬರದ್ದೂ ಆಗಿರಲಿಲ್ಲ. ಬೆಳಿಗ್ಗೆ ನಮ್ಮ ಮನೆಯಲ್ಲಿ ಧಾರವಾಡ ಆಕಾಶವಾಣಿ. 1950ರ ಜನವರಿ 8ರಂದು ಶುರುವಾದ ಕೇಂದ್ರ ಅದು, ನಮ್ಮ ಅಜ್ಜನ ಕಾಲದಿಂದ ಮನೆಯ ಸದಸ್ಯ. ರೇಡಿಯೋದ ಮುಳ್ಳು 765ರ ಹತ್ತಿರ ಅಂಟಿಕೊಂಡೇ ಇತ್ತು, ತಿರುಗಿಸಿದರೆ ಬೈಗುಳ. ಬಲಗಡೆ ಮನೆಯಿಂದ ಯೇಸುದಾಸ್, ಎಡಗಡೆ ಮನೆಯಿಂದ ಶುಕ್ರವಾರ ಕವ್ವಾಲಿ, ಹಿಂದಿನ ಮನೆಯ ಮರಾಠಿ ಮಾವುಶಿಯಿಂದ ಆಷಾಢದಲ್ಲಿ ಅಭಂಗ. ನನಗೆ ಮಲಯಾಳ ಒಂದಕ್ಷರ ಬರಲ್ಲ, ಆದ್ರೆ ಇವತ್ತಿಗೂ ಕೆಲವು ಮಲಯಾಳ ಹಾಡಿನ ರಾಗ ಪೂರ್ತಿ ಗುನುಗಬಲ್ಲೆ. ಅದನ್ನ ನಾನು ಆರಿಸಿಕೊಂಡದ್ದಲ್ಲ, ಗೋಡೆ ಕಲಿಸಿದ್ದು.

ಅಪ್ಪನಿಗೆ ನೈಟ್ ಶಿಫ್ಟ್ ಇದ್ದ ವಾರ ಬೆಳಿಗ್ಗೆ ಮನೆಯಲ್ಲಿ ರೇಡಿಯೋ ಬಂದ್. ಅಪ್ಪ ಮಲಗಿರ್ತಿದ್ದರು. ಆಗ ಬಲಗಡೆ ಮನೆಯ ಆಂಟಿ ತಾವಾಗಿಯೇ ತಮ್ಮ ಟೇಪ್‌ರೆಕಾರ್ಡರ್ ಸಣ್ಣಗೆ ಮಾಡ್ತಿದ್ದರು. ಯಾರೂ ಹೋಗಿ ಹೇಳಿರಲಿಲ್ಲ. ನಮ್ಮ ಮನೆಯಿಂದ ಧಾರವಾಡ ಕೇಳಿಸಲಿಲ್ಲ ಅಂದ್ರೆ ಅಪ್ಪನದು ನೈಟ್ ಶಿಫ್ಟ್ ಅಂತ ಅವರಿಗೆ ಗೊತ್ತಾಗ್ತಿತ್ತು. ಒಮ್ಮೆ ಅವರ ಮನೆಯಿಂದ ಮೂರು ದಿನ ಹಾಡೇ ಬರಲಿಲ್ಲ. ನಾಲ್ಕನೇ ದಿನ ಅವ್ವ ಹೋಗಿ ಬಾಗಿಲು ತಟ್ಟಿದಳು. ಕೇರಳದಲ್ಲಿ ಅವರ ತಾಯಿ ತೀರಿಕೊಂಡಿದ್ದರಂತೆ. ಗಂಡ ಕೆಲಸಕ್ಕೆ ಹೋಗಿದ್ದ, ಆಂಟಿ ಒಬ್ಬರೇ ಕತ್ತಲೆ ಕೋಣೆಯಲ್ಲಿ ಕೂತಿದ್ದರಂತೆ. ಹಾಡು ನಿಂತದ್ದೂ ಒಂದು ಸುದ್ದಿ ಆಗಿತ್ತು ಆಗ.

ರೇಡಿಯೋದಲ್ಲಿ ಕೋರಿಕೆಯ ಹಾಡು ಬರೋ ಮುಂಚೆ ಹೆಸರುಗಳ ಪಟ್ಟಿ ಓದ್ತಿದ್ರಲ್ಲ, ನಿಮಗೂ ನೆನಪಿರಬೇಕು. ಹಾಡು ಮೂರು ನಿಮಿಷ, ಕೇಳಿದವರ ಹೆಸರು ಎರಡು ನಿಮಿಷ. ಒಂದು ಹಾಡಿಗೆ ಇಡೀ ಓಣಿಯ ಹೆಸರು ಬರೆದು ಕಾರ್ಡ್ ಹಾಕೋರು. ಜಾರ್ಖಂಡ್‌ನ ಜುಮ್ರಿ ತಲೈಯಾ ಅನ್ನೋ ಊರು ದೇಶಕ್ಕೆಲ್ಲ ಗೊತ್ತಾದದ್ದೇ ರೇಡಿಯೋ ಸಿಲೋನ್‌ಗೆ, ವಿವಿಧ ಭಾರತಿಗೆ ಬರೆದ ಕೋರಿಕೆ ಪತ್ರಗಳಿಂದ. ಹಳಿಯಾಳದ ಹೆಸರು ರೇಡಿಯೋದಲ್ಲಿ ಬಂದರೆ ನಾವು ಊಟ ಬಿಟ್ಟು ಕೇಳ್ತಿದ್ವಿ. ನಮ್ಮ ಪರಿಚಯದವರೇ ಇರಬೇಕು ಅಂತ. ಇರ್ತಿರಲಿಲ್ಲ, ಅದು ಬೇರೆ ಮಾತು.

ನಾನು ಹೈಸ್ಕೂಲಿಗೆ ಬರೋ ಹೊತ್ತಿಗೆ ಕ್ಯಾಸೆಟ್ ಹೋಗಿ ಸಿ.ಡಿ ಬಂತು, ಪಿ.ಯು.ಸಿ ಹೊತ್ತಿಗೆ ಮೆಮೊರಿ ಕಾರ್ಡು. ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಮೊಬೈಲ್ ಅಂಗಡಿ ಇತ್ತು. ಕಾರ್ಡ್ ಕೊಟ್ಟು "ಹಾಡು ಹಾಕಿಕೊಡ್ರಿ" ಅಂದ್ರೆ ಅಂಗಡಿಯ ಹುಡುಗ ಕಂಪ್ಯೂಟರಿಗೆ ಸಿಕ್ಕಿಸಿ, ಹತ್ತೋ ಇಪ್ಪತ್ತೋ ರೂಪಾಯಿಗೆ ಕಾರ್ಡ್ ತುಂಬಾ ಹಾಡು ಹಾಕಿ ಕೊಡ್ತಿದ್ದ. ಕಾಪಿರೈಟ್ ಅನ್ನೋ ಪದ ನಾವು ಯಾರೂ ಕೇಳಿರಲಿಲ್ಲ, ಅದು ತಪ್ಪು ಅಂತ ಈಗ ಗೊತ್ತು. ಯಾವ ಹಾಡು ಬೇಕು ಅಂತ ಅವನೂ ಕೇಳ್ತಿರಲಿಲ್ಲ, ನಾವೂ ಹೇಳ್ತಿರಲಿಲ್ಲ. ಆ ಹುಡುಗನ ರುಚಿಯೇ ತಾಲ್ಲೂಕಿನ ರುಚಿ. ಅವನಿಗೆ ಸೋನು ನಿಗಮ್ ಇಷ್ಟ, ಹಾಗಾಗಿ ಬಸ್ಸಿನಲ್ಲಿ, ಟೆಂಪೋದಲ್ಲಿ, ಗೌಳಿವಾಡದಲ್ಲಿ ಎಮ್ಮೆ ಕಾಯೋ ಹುಡುಗನ ಚೀನಾ ಸೆಟ್‌ನಲ್ಲಿ ಎಲ್ಲ ಕಡೆ ಸೋನು ನಿಗಮ್. 'ಮುಂಗಾರು ಮಳೆ'ಯ ಹಾಡುಗಳು ಬಂದು ನಾಲ್ಕು ವರ್ಷ ಆದಮೇಲೂ ನಮ್ಮ ಕಡೆ ಮಳೆ ನಿಂತಿರಲಿಲ್ಲ.

ಆಮೇಲೆ ಬ್ಲೂಟೂತ್. ಹಾಡು ಬೇಕು ಅಂದ್ರೆ ಆ ಹಾಡು ಇದ್ದವರ ಪಕ್ಕ ಹೋಗಿ ನಿಲ್ಲಬೇಕು. ಐದು ಎಂ.ಬಿ ಹಾಡು ದಾಟೋವರೆಗೆ ಇಬ್ಬರೂ ಫೋನ್ ಹತ್ತಿರ ಹತ್ತಿರ ಹಿಡ್ಕೊಂಡು ಕಾಯಬೇಕು. ಆ ಎರಡು ನಿಮಿಷದಲ್ಲಿ ಏನಾದ್ರೂ ಮಾತಾಡಲೇಬೇಕಲ್ಲ? ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ನನ್ನ ಅತಿ ಹತ್ತಿರದ ಗೆಳತಿ ಸಿಕ್ಕಿದ್ದು ಹಾಗೇ. ಹಾಡು 92 ಪರ್ಸೆಂಟಿಗೆ ಬಂದು ನಿಂತುಬಿಡ್ತು, ಮತ್ತೆ ಮೊದಲಿಂದ ಕಳಿಸಿದಳು. ಅಷ್ಟರಲ್ಲಿ ಅವಳ ಊರು, ಅಪ್ಪನ ಹೊಲ, ತಂಗಿಯ ಲಗ್ನ ಎಲ್ಲ ನನಗೆ ಗೊತ್ತಾಗಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾಯಿತು. ಹಾಡನ್ನ ಇಟ್ಕೊಳ್ಳೋದು, ಕೊಡೋದು, ಬೇಡೋದು ಮೂರೂ ನಿಂತುಹೋಯಿತು. ಎಲ್ಲರ ಹತ್ತಿರವೂ ಎಲ್ಲ ಹಾಡೂ ಇದೆ ಅಂದಮೇಲೆ ಯಾರಿಗೆ ಯಾರು ಏನು ಕೊಡೋದು? ಈಗ ಲಿಂಕ್ ಕಳಿಸ್ತೀವಿ, ನಿಜ. ನಾನೂ ಕಳಿಸ್ತೀನಿ. ಎದುರಿನವರು ಒಂದು ಹೃದಯದ ಚಿತ್ರ ಒತ್ತುತ್ತಾರೆ. ಹಾಡು ಕೇಳಿದರೋ ಇಲ್ಲವೋ ದೇವರಿಗೇ ಗೊತ್ತು.

ಒಬ್ಬರೇ ಹಾಡು ಕೇಳೋದು ಸರಿಯಾ ಅನ್ನೋ ಅನುಮಾನ ಇದನ್ನ ಮಾರೋಕೆ ಹೊರಟವರಿಗೂ ಇತ್ತು. ಸೋನಿ ಕಂಪನಿ 1979ರ ಜುಲೈನಲ್ಲಿ ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಾಟಕ್ಕೆ ಬಿಟ್ಟಾಗ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸೋಕೆ ಎರಡು ತೂತು ಇದ್ದವು. ಕಂಪನಿಯ ಅಕಿಯೋ ಮೊರಿಟಾ ಅವರಿಗೆ, ಪಕ್ಕದಲ್ಲಿ ಜನ ಇರುವಾಗ ಒಬ್ಬರೇ ಕಿವಿ ಮುಚ್ಚಿಕೊಂಡು ಕೇಳೋದು ಸಭ್ಯತೆ ಅಲ್ಲ ಅನ್ನಿಸಿತ್ತಂತೆ. ಅದಕ್ಕೆ ಇಬ್ಬರು ಕೇಳೋ ವ್ಯವಸ್ಥೆ. ನಡುವೆ ಮಾತಾಡಬೇಕು ಅನ್ನಿಸಿದರೆ ಒಂದು ಕಿತ್ತಳೆ ಬಣ್ಣದ ಗುಂಡಿ, ಅದನ್ನ ಒತ್ತಿದರೆ ಹಾಡು ಸಣ್ಣಗಾಗಿ ಎದುರಿನವರ ಮಾತು ಕೇಳಿಸ್ತಿತ್ತು. ಜನ ಆ ಎರಡನೇ ತೂತನ್ನ ಬಳಸಲೇ ಇಲ್ಲ. ಮುಂದಿನ ಮಾಡೆಲ್‌ಗಳಲ್ಲಿ ಅದು ಮಾಯವಾಯಿತು.

ನನ್ನ ಕಸುಬಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಹಾಡಿನ ಆ್ಯಪ್‌ನಲ್ಲಿ ಕೆಲಸ ಮಾಡಿದವಳಲ್ಲ. ಆದ್ರೆ "ನಿಮಗೆ ಇದೂ ಇಷ್ಟ ಆಗಬಹುದು" ಅಂತ ತೋರಿಸೋ ಪ್ರೋಗ್ರಾಮನ್ನ ಬಟ್ಟೆ, ಚಪ್ಪಲಿಗಳಿಗೆ ಬರೆದಿದ್ದೀನಿ. ಹಾಡಿಗೂ ಚಪ್ಪಲಿಗೂ ಮೂಲದಲ್ಲಿ ಲೆಕ್ಕ ಒಂದೇ. ಒಂದು ದೊಡ್ಡ ಖಾತೆ ಪುಸ್ತಕ ಅಂದ್ಕೊಳ್ಳಿ. ಅಡ್ಡ ಸಾಲಿನಲ್ಲಿ ಜನ, ಉದ್ದ ಸಾಲಿನಲ್ಲಿ ಹಾಡು. ನೀವು ಒಂದು ಹಾಡನ್ನ ಪೂರ್ತಿ ಕೇಳಿದ್ರೆ ಒಂದು ಗುರುತು, ನಡುವೆ ದಾಟಿಸಿದ್ರೆ ಇನ್ನೊಂದು ಗುರುತು. ಕೋಟ್ಯಂತರ ಸಾಲುಗಳಲ್ಲಿ ನಿಮ್ಮ ಸಾಲಿಗೆ ಹೋಲೋ ಸಾಲುಗಳನ್ನ ಯಂತ್ರ ಹುಡುಕುತ್ತೆ. ಅವರು ಕೇಳಿ ನೀವು ಕೇಳದ ಹಾಡನ್ನ ನಿಮ್ಮ ಮುಂದೆ ಇಡುತ್ತೆ. ಇದಕ್ಕೆ ನಮ್ಮ ಭಾಷೆಯಲ್ಲಿ ಕೊಲಾಬರೇಟಿವ್ ಫಿಲ್ಟರಿಂಗ್ ಅಂತಾರೆ. ಕೂಡಿ ಸೋಸೋದು ಅಂತ ಇಟ್ಕೊಳ್ಳಿ. ಕೂಡಿದವರು ಯಾರು ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ.

ಅಂದ್ರೆ ನನಗೆ ಇವತ್ತು ಒಂದು ಚಂದದ ಹಾಡು ಸಿಕ್ಕಿದ್ರೆ ಅದನ್ನ ನನಗೆ ಕೊಟ್ಟದ್ದು ನನ್ನಂಥವರೇ ಆದ ಸಾವಿರ ಜನ. ನಾನು ಅವರನ್ನ ಜನ್ಮದಲ್ಲಿ ನೋಡಲ್ಲ. ಹಿಂದೆ ನನಗೆ ಹಾಡು ಕೊಟ್ಟದ್ದು ನನ್ನಂತೆ ಇಲ್ಲದವರು: ಮಲಯಾಳಿ ಆಂಟಿ, ಹಳಿಯಾಳದ ಮೊಬೈಲ್ ಹುಡುಗ, ಬಸ್ಸಿನ ಡ್ರೈವರಣ್ಣ. ಅವರ ಹಾಡು ಅರ್ಧಕ್ಕರ್ಧ ನನಗೆ ಇಷ್ಟ ಆಗ್ತಿರಲಿಲ್ಲ. ಆದ್ರೆ ಹಾಡಿನ ಜೊತೆ ಅದನ್ನ ಕೊಟ್ಟ ಮನುಷ್ಯರೂ ಬರ್ತಿದ್ರು. ಈಗ ಹಾಡು ಬರುತ್ತೆ, ಮನುಷ್ಯರು ಬರಲ್ಲ.

ಇಲ್ಲಿ ನಾನು ಹಳೆಯದೆಲ್ಲ ಚಿನ್ನ ಅಂತ ಹಾಡಿ ಹೊಗಳೋಕೆ ಕೂತಿಲ್ಲ. ರೇಡಿಯೋದ ಮುಳ್ಳು ಅಪ್ಪನ ಕೈಯಲ್ಲೇ ಇತ್ತು. ಅವ್ವನಿಗೆ ಯಾವ ಹಾಡು ಬೇಕು ಅಂತ ಯಾರೂ ಕೇಳಿದ ನೆನಪು ನನಗಿಲ್ಲ. ಅಪ್ಪ ಕೂಡ ಅಜ್ಜನ ಎದುರು ಹಿಂದಿ ಹಾಡು ಹಚ್ಚೋ ಹಾಗಿರಲಿಲ್ಲವಂತೆ. ರಫಿ ಮನಸ್ಸಿನಲ್ಲೇ ಉಳಿದದ್ದು ಅದಕ್ಕೇ. 60 ದಾಟಿದ ಮೇಲೆ, ತಮ್ಮ ಕಿವಿ ತಮ್ಮದೇ ಆದ ಮೇಲೆ ಕೇಳ್ತಿದ್ದಾರೆ. ನನ್ನದೂ ಅಷ್ಟೇ. ಹದಿನಾರು ವರ್ಷದ ಹುಡುಗಿಗೆ ಬಾಗಿಲು ಹಾಕ್ಕೊಳ್ಳೋಕೆ ಸ್ವಂತ ಕೋಣೆ ಇರಲಿಲ್ಲ. ಎರಡು ಕಿವಿಗೆ ಎರಡು ಹತ್ತಿ ಉಂಡೆಯಷ್ಟು ಜಾಗ ಸಿಕ್ಕಿತ್ತು, ಅದೇ ನನ್ನ ಕೋಣೆ. ಜಾತ್ರೆಯ ಡಿ.ಜೆ ಎದೆ ನಡುಗಿಸುವಾಗ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದು ಅನ್ನೋ 2000ದ ನಿಯಮ ಯಾರಿಗೂ ನೆನಪಾಗದಿದ್ದಾಗ, ಇಯರ್‌ಫೋನ್ ಕಂಡುಹಿಡಿದವರಿಗೆ ಕೈ ಮುಗೀಬೇಕು ಅನ್ಸುತ್ತೆ.

ಆದ್ರೆ ಅದೇ ಕೋಣೆಯಲ್ಲಿ ನಾವು ಮುಚ್ಚಿಟ್ಟುಕೊಳ್ಳೋದೂ ಕಲಿತ್ವಿ. ಇದು ನನಗೆ ಈ ವರ್ಷ ಅರ್ಥವಾಯಿತು.

ಈಗ ಮೊದಲು ಬಾಕಿ ಇಟ್ಟ ಮಾತು. ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ನನ್ನ ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. "ಮಗಳು ಬೆಂಗಳೂರಿನಾಗ ಎಂಜಿನಿಯರ್" ಅಂತ ಅಪ್ಪ ಹೇಳೋವಾಗ ಅವರ ಕೊರಳು ಒಂದಿಂಚು ಎತ್ತರ ಆಗುತ್ತೆ. ಅದನ್ನ ಇಳಿಸೋ ಧೈರ್ಯ ನನಗಿರಲಿಲ್ಲ. ಏಪ್ರಿಲ್‌ನಲ್ಲಿ ದಾಂಡೇಲಿಗೆ ಬಂದು "ವರ್ಕ್ ಫ್ರಂ ಹೋಮ್" ಅಂತ ಹತ್ತು ದಿನ ಇದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಕಿವಿಯಲ್ಲಿ ಇಯರ್‌ಫೋನ್, ಎದುರಿಗೆ ಸ್ವಂತ ಲ್ಯಾಪ್‌ಟಾಪ್. ಎಲ್ಲರೂ ಮೀಟಿಂಗ್ ಅಂದ್ಕೊಂಡು ಸಪ್ಪಳ ಮಾಡದೆ ಓಡಾಡ್ತಿದ್ರು. ನಾನು ಹಾಡು ಕೇಳ್ತಾ ಅರ್ಜಿ ಹಾಕ್ತಿದ್ದೆ. ಗೋಡೆಯ ಆಚೆಯ ಹಾಡು ನಿಂತದ್ದಕ್ಕೆ ಬಾಗಿಲು ತಟ್ಟಿದ ಅದೇ ಅವ್ವನಿಗೆ, ಎದುರಿಗೆ ಕೂತ ಮಗಳ ಕಿವಿಯಲ್ಲಿ ಏನಿದೆ ಅಂತ ಗೊತ್ತಾಗಲಿಲ್ಲ. ಗೊತ್ತಾಗೋ ದಾರಿಯನ್ನ ನಾನೇ ಮುಚ್ಚಿದ್ದೆ.

ಹನ್ನೊಂದನೇ ದಿನ ಮುಂಡಗೋಡ ಕಡೆ ಹಳ್ಳಿಯಲ್ಲಿರೋ ಆಯಿಯನ್ನ ನೋಡೋಕೆ ಹೊರಟೆ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಆರನೇ ಜಾಗ ಖಾಲಿ ಇದೆಯಲ್ಲ, ಆಯಿಯ ಫೋನಿಗೆ ಆ್ಯಪ್ ಹಾಕಿಕೊಟ್ಟು ಬರೋಣ, ಹಳೇ ಪದಗಳನ್ನ ಕೇಳ್ತಾ ಇರಲಿ ಅಂತ ಒಂದು ನೆಪ.

ನಮ್ಮ ಈ ನಾಲ್ಕು ತಾಲ್ಲೂಕಿನ ಸೀಮೆ ವಿಚಿತ್ರವಾದದ್ದು. ಒಬ್ಬರೇ ಮಾಡೋಕೆ ಬಾರದ ಸಂಗೀತ ಇಲ್ಲಿ ಇನ್ನೂ ಉಳಿದಿದೆ. ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಜಾತ್ರೆ, ಭಾರತ ಹುಣ್ಣಿಮೆಗೆ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರ್ತಾರೆ. ಚಿಕ್ಕವಳಿದ್ದಾಗ ರಾತ್ರಿ ಎಚ್ಚರ ಆದರೆ ಎತ್ತಿನ ಕೊರಳ ಗೆಜ್ಜೆ, ಅದರ ಹಿಂದೆ ಭಜನೆ. ಮುಂದಿನ ಚಕ್ಕಡಿಯವರು ಎತ್ತಿದ ಪದವನ್ನ ಹಿಂದಿನ ಚಕ್ಕಡಿಯವರು ಹಿಡೀತಿದ್ರು. ಈಗ ಟ್ರ್ಯಾಕ್ಟರ್‌ಗಳೂ ಸ್ಪೀಕರ್‌ಗಳೂ ಬಂದಿವೆ, ಆದ್ರೆ ಚಕ್ಕಡಿ ನಿಂತಿಲ್ಲ.

ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಜನರ ಡಮಾಮಿ ಇದೆ. ಆಫ್ರಿಕಾದಿಂದ ಬಂದು ನೂರಾರು ವರ್ಷ ಈ ಕಾಡಿನಲ್ಲೇ ಬೇರು ಬಿಟ್ಟವರು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ಕಾಲೇಜಿನ ಗೆಳತಿಯೊಬ್ಬಳ ಮನೆಯ ಮದುವೆಗೆ ಹೋಗಿದ್ದಾಗ ನಾನು ಮೂಲೆಯಲ್ಲಿ ನಿಂತು ಫೋನಿನಲ್ಲಿ ವಿಡಿಯೋ ತೆಗೀತಿದ್ದೆ. ಅವಳ ಅಮ್ಮ ಬಂದು ನನ್ನ ಫೋನ್ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಹಿಡಿದು ನಡುವೆ ಎಳೆದರು. ಅಲ್ಲಿ ನೋಡುವವರು ಅಂತ ಬೇರೆ ಜಾತಿ ಇರಲಿಲ್ಲ.

ಮುಂಡಗೋಡದಲ್ಲೇ 1966ರಲ್ಲಿ ಶುರುವಾದ ಟಿಬೆಟನ್ ಕ್ಯಾಂಪ್ ಇದೆ. ಡ್ರೆಪುಂಗ್, ಗಾಂದೆನ್ ಅನ್ನೋ ದೊಡ್ಡ ಮಠಗಳು. ಸಭಾಂಗಣದಲ್ಲಿ ನೂರಾರು ಭಿಕ್ಷುಗಳು ತಗ್ಗಿನ ದನಿಯಲ್ಲಿ ಒಟ್ಟಿಗೆ ಮಂತ್ರ ಹೇಳುವಾಗ ಒಬ್ಬರ ದನಿ ಬೇರೆ ಮಾಡೋಕೆ ಆಗಲ್ಲ. ಹೊರಗೆ ಬಂದ ಮೇಲೆ ಅವರಲ್ಲೂ ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಳ್ತಾರೆ, ಅದನ್ನೂ ನೋಡಿದ್ದೀನಿ. ಎರಡೂ ಬೇಕು ಮನುಷ್ಯರಿಗೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ನೆಟ್‌ವರ್ಕ್ ಸಿಗಲ್ಲ. ಅಲ್ಲಿನ ಹುಡುಗರು ಊರಿಗೆ ಬಂದಾಗ ಹಾಡು ಇಳಿಸ್ಕೊಂಡು ಹೋಗಿ ಒಬ್ಬರಿಂದ ಒಬ್ಬರಿಗೆ ದಾಟಿಸ್ತಾರೆ. ಫೋನ್ ಮಾಡೋಕೆ ಗುಡ್ಡ ಹತ್ತಬೇಕಾದವರ ಕಷ್ಟವನ್ನ ನಾನು ಚಂದ ಅನ್ನಲಾರೆ. ಹಾಡು ಮಾತ್ರ ಅಲ್ಲಿ ಇನ್ನೂ ಕೈಯಿಂದ ಕೈಗೆ ಹೋಗ್ತಿದೆ.

ಹಳಿಯಾಳ, ಕಲಘಟಗಿ ದಾಟಿ ಮಧ್ಯಾಹ್ನಕ್ಕೆ ಆಯಿಯ ಮನೆ ಮುಟ್ಟಿದೆ. ಆಯಿಗೆ 80 ದಾಟಿದೆ. ಕಿವಿ ಚುರುಕು, ಮೊಣಕಾಲು ಮಾತ್ರ ಕೇಳಲ್ಲ. ಆ್ಯಪ್ ತೋರಿಸಿದೆ. ಜಾನಪದ ಅಂತ ಹುಡುಕಿ ಒಂದು ಹಾಡು ಹಚ್ಚಿದೆ. ಕೀಬೋರ್ಡು, ಡ್ರಮ್ಮು ಎಲ್ಲ ಇದ್ದ ಬೀಸುವ ಪದ. ಆಯಿ ಸ್ವಲ್ಪ ಹೊತ್ತು ಕೇಳಿ, "ಇಷ್ಟು ಅವಸರದಾಗ ಬೀಸಿದ್ರ ಹಿಟ್ಟು ಸುಡತೈತಿ" ಅಂದಳು.

"ಹಂಗಾದ್ರ ನೀನ ಹಾಡು ಆಯಿ, ನಾ ರೆಕಾರ್ಡ್ ಮಾಡ್ತೀನಿ" ಅಂದೆ.

"ಕಲ್ಲಿಲ್ಲದ ಪದ ಹೆಂಗ ಬರತೈತಿ ಅವ್ವಿ?"

ಗಿರಣಿ ಬಂದ ಮೇಲೆ ಬೀಸುಕಲ್ಲು ಲಗ್ನದ ಶಾಸ್ತ್ರಕ್ಕೆ ಮಾತ್ರ ಹೊರಗೆ ಬರೋದು. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಇತ್ತು. ಒರೆಸಿ, ಜೋಡಿಸಿ, ಗೂಟ ಬಡಿದು, ಒಂದು ಮುಷ್ಟಿ ಜೋಳ ಹಾಕಿದ್ವಿ. ಆಯಿ ಒಂದು ಕಾಲು ಚಾಚಿ ಕೂತು ಗೂಟ ಹಿಡಿದಳು. ನಾನು ಎದುರಿಗೆ ಫೋನ್ ಹಿಡಿದೆ. ಕಲ್ಲು ತಿರುಗಿತು, ಆಯಿ ಒಂದು ನುಡಿ ಹಾಡಿದಳು. ನಿಲ್ಲಿಸಿದಳು. ಕಲ್ಲು ಮಾತ್ರ ತಿರುಗ್ತಾನೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ನುಡಿ. ಮತ್ತೆ ಮೌನ. ನಾಲ್ಕು ನಿಮಿಷ ಹೀಗೇ ಆಯಿತು.

"ಯಾಕ ನಡುವ ನಡುವ ನಿಂದ್ರಸತೀ ಆಯಿ?"

"ನಾ ಎಲ್ಲಿ ನಿಂದ್ರಸೇನಿ? ಆಕಿ ಅನ್ನಬೇಕಲ್ಲ."

ಆಕಿ ಅಂದ್ರೆ ಎದುರು ಮನೆಯಾಕೆ. ಐವತ್ತು ವರ್ಷ ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿದವರು. ಆಕೆ ತೀರಿಹೋಗಿ ಆರು ವರ್ಷ ಆಯಿತು. ಒಬ್ಬಳು ಒಂದು ನುಡಿ ಎತ್ತಿದರೆ ಎದುರಿನವಳು ಅದನ್ನ ಹಿಡಿದು ಮುಂದಿನದು ಸೇರಿಸಬೇಕು. ಆಯಿ ತನ್ನ ಪಾಲು ಹಾಡಿ, ಆಕೆಯ ಪಾಲಿಗೆ ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟಿದ್ದಳು.

"ಆಕೀದೂ ನಿನಗ ಬಾಯಿಪಾಠ ಇರಬೇಕಲ್ಲ? ನೀನ ಅಂದುಬಿಡು."

ಆಯಿ ನನ್ನ ಮುಖ ನೋಡಿದಳು. "ಆಕೀದು ಆಕೀಗೇ ಗೊತ್ತು. ದಿನಾ ಬ್ಯಾರೆ ಅಂತಿದ್ಲು. ಮನಿಯಾಗ ಏನ್ ಆಗಿರ್ತಿತ್ತೋ ಅದನ್ನ ಅಂತಿದ್ಲು. ಗಂಡ ಕೈ ಎತ್ತಿದ ದಿನಾ ನನಗ ಪದದಾಗ ತಿಳೀತಿತ್ತು. ಮಾತಿನ್ಯಾಗ ಎಂದೂ ಹೇಳಲಿಲ್ಲ ಆಕಿ."

ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಂತ ಹೆಣ್ಣುಮಕ್ಕಳ ತ್ರಿಪದಿಗಳನ್ನ ಅಚ್ಚು ಹಾಕಿಸಿದ್ದು ನಾನು ಶಾಲೆಯಲ್ಲಿ ಓದಿದ್ದೆ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ಪುಸ್ತಕದಲ್ಲಿ ಓದಿದಾಗ ಅವು ಒಬ್ಬಳು ಹಾಡಿದ ಹಾಡು ಅಂತಲೇ ನನ್ನ ತಲೆಯಲ್ಲಿತ್ತು. ಎದುರಿಗೆ ಕೂತು ಕೇಳಿಸಿಕೊಳ್ಳೋ ಇನ್ನೊಬ್ಬಳು ಅದರ ಅರ್ಧ ಅಂತ ಹೊಳೆದಿರಲಿಲ್ಲ.

"ಫೋನ್ ಇಡು. ಆ ಕಡೆ ಕುಂದ್ರು" ಅಂದಳು ಆಯಿ.

ಕೂತೆ. ಗೂಟದ ಮೇಲೆ ಅವಳ ಕೈ, ಅದರ ಕೆಳಗೆ ನನ್ನ ಕೈ. ಕಲ್ಲು ನಾನು ಅಂದ್ಕೊಂಡದ್ದಕ್ಕಿಂತ ಭಾರ ಇತ್ತು. ಆಯಿ ಒಂದು ನುಡಿ ಅಂದು ಬಿಟ್ಟಳು. ನನಗೆ ಏನೂ ತೋಚಲಿಲ್ಲ, ಬರೀ ರಾಗ ಗುನುಗಿದೆ. ಎರಡನೇ ಸಲವೂ ಹಾಗೇ. ಮೂರನೇ ಸಲ ನನಗೇ ಗೊತ್ತಿಲ್ಲದೆ ಬಾಯಿಗೆ ಬಂದದ್ದು, ಕೆಲಸ ಹೋಯಿತು, ಮನೆಯಲ್ಲಿ ಯಾರಿಗೂ ಹೇಳಿಲ್ಲ ಅಂತ. ಪ್ರಾಸ ಇರಲಿಲ್ಲ, ತಾಳಕ್ಕೂ ಕೂಡಲಿಲ್ಲ. ಒಂದು ಪದ ಉದ್ದ, ಒಂದು ಪದ ಗಿಡ್ಡ.

ಆಯಿ ಕಲ್ಲು ನಿಲ್ಲಿಸಲಿಲ್ಲ. ಅಯ್ಯೋ ಅನ್ನಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಅದೇ ರಾಗದಲ್ಲಿ ನನ್ನ ಮಾತಿಗೆ ತನ್ನದೊಂದು ಸೇರಿಸಿದಳು. ಕಲ್ಲು ಸವೆದರೆ ಯಾರೂ ಬೀಸಾಡಲ್ಲ, ಉಳಿ ಹೊಡೆಸಿ ಮತ್ತೆ ಹೂಡ್ತಾರೆ ಅನ್ನೋ ಅರ್ಥದ್ದು. ಹಳೆಯದೋ ಆಗಲೇ ಕಟ್ಟಿದ್ದೋ ನಾನು ಕೇಳಲಿಲ್ಲ. ಜೋಳ ಮುಗಿಯೋವರೆಗೆ ಬೀಸಿದ್ವಿ. ನನ್ನ ಅಂಗೈಯಲ್ಲಿ ಎರಡು ಬೊಕ್ಕೆ ಎದ್ದವು. ಸಂಜೆ ಆ ಹಿಟ್ಟಿನಲ್ಲಿ ಎರಡೇ ರೊಟ್ಟಿ ಆದವು, ನಾನೊಂದು, ಆಯಿ ಒಂದು.

ಈ ಎರಡನೇ ಹಾಡು ನನ್ನ ಫೋನಿನಲ್ಲಿಲ್ಲ. ಮೊದಲನೆಯದು ಇದೆ, ಅರ್ಧ ಪದ, ಅರ್ಧ ಬರೀ ಕಲ್ಲಿನ ಸಪ್ಪಳ.

ದಾಂಡೇಲಿಗೆ ವಾಪಸ್ ಬಂದ ರಾತ್ರಿ ಅಪ್ಪ, ಅವ್ವನಿಗೆ ವಿಷಯ ಹೇಳಿದೆ. ಈ ಅಂಕಣ ಓದಿ ತಿಳ್ಕೊಳ್ಳೋದು ಬೇಡ ಅಂತ. ಅಪ್ಪ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕಿವಿಯ ವೈರು ತೆಗೆದು, ಫೋನನ್ನ ತಮ್ಮ ಹಳೇ ಸ್ಪೀಕರಿಗೆ ಸಿಕ್ಕಿಸಿ ರಫಿಯ ಒಂದು ಹಾಡು ಹಚ್ಚಿದರು. ಅವ್ವ ಅಡುಗೆ ಮನೆಯಿಂದ, "ಇನ್ನೊಂದೀಟು ದೊಡ್ಡದು ಮಾಡ್ರಿ" ಅಂದಳು. ಅದು ಮುಗಿದ ಮೇಲೆ ಅವ್ವನ ಪಾಳಿ. ಅವಳು ಏನು ಕೇಳ್ತಾಳೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಏನು ಅಂತ ಇಲ್ಲಿ ಬರೆಯಲ್ಲ, ಅದು ಅವ್ವನ ಖಾಸಗಿ.

ಆ ಹತ್ತು ದಿನ ನನ್ನ ಇಯರ್‌ಫೋನಿನಲ್ಲಿ ಏನು ಓಡ್ತಿತ್ತು ಅಂತ ಅಪ್ಪ ಕೇಳಿದರು. ಹೇಳಿದೆ. "ಛಲೋ ಅದಾವ?" ಅಂದರು. "ಇಲ್ಲ ಅಪ್ಪಾ, ಸುಮ್ಮನ ಹಚ್ಚಿದ್ದೆ" ಅಂದೆ.

ಫ್ಯಾಮಿಲಿ ಪ್ಲಾನ್ ಬಿಡಲಿಲ್ಲ, ಸದ್ಯಕ್ಕೆ ಇರಲಿ ಅಂತ ಗಂಡನೂ ಅಂದ. ಆರನೇ ಜಾಗ ಈಗಲೂ ಖಾಲಿ. ಆಯಿಗೆ ಆ್ಯಪ್ ಬೇಡವಂತೆ. ಯುಗಾದಿಗೋ ದೀಪಾವಳಿಗೋ ಬಂದು ಒಂದು ಮುಷ್ಟಿ ಜೋಳ ಬೀಸಿಹೋಗು ಅಂದಿದ್ದಾಳೆ. ಬೊಕ್ಕೆ ಮಾಯುವಷ್ಟರಲ್ಲಿ ಎರಡು ಇಂಟರ್‌ವ್ಯೂ ಆದವು, ಫಲಿತಾಂಶ ಬಂದಿಲ್ಲ. ಬಂದರೆ ಮುಂದಿನ ಸಲ ಹೇಳ್ತೀನಿ.

ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ಇವತ್ತು ರಾತ್ರಿ ಊಟ ಆದಮೇಲೆ ಮನೆಯವರಲ್ಲಿ ಒಬ್ಬರನ್ನ, ನಿಮ್ಮ ಕಿವಿಯಲ್ಲಿ ಈಗ ಏನು ಓಡ್ತಿದೆ ಅಂತ ಕೇಳಿ. ಹಾಡು ನಿಮಗೆ ಸೇರದೇ ಹೋಗಬಹುದು. ಆದರೂ ಪೂರ್ತಿ ಕೇಳಿ, ನಡುವೆ ದಾಟಿಸಬೇಡಿ.